ಮಡಿಕೇರಿಯ ಚಳಿಯಲ್ಲಿ ಕಾಣೆಯಾದ ಎರಡು ಪದರ

ಪ್ರಶ್ನೆ: ನಾನು ಮಡಿಕೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೊನೆಯ ವರ್ಷದ ಬಿಎಸ್ಸಿ ಮಕ್ಕಳ ಪ್ರಾಜೆಕ್ಟಿಗೆ ಅನಾನಸ್ ಸಿಪ್ಪೆಯಿಂದ ಪ್ರೋಟೀನನ್ನು ತುಂಡರಿಸುವ ಬ್ರೊಮೆಲೈನ್ ಕಿಣ್ವ ಬೇರ್ಪಡಿಸಲು ಹೊರಟೆವು. ಮಂಗಳೂರಿನ ಗೆಳತಿಯೊಬ್ಬರು ಏಪ್ರಿಲ್‌ನಲ್ಲಿ ತಾವು ಮಾಡಿದ ಅಳತೆ ಕೊಟ್ಟರು. 100 ಗ್ರಾಂ ಮಿಶ್ರಣಕ್ಕೆ 12 ಗ್ರಾಂ ಪಾಲಿಎಥಿಲೀನ್ ಗ್ಲೈಕಾಲ್ 4000 ಅನ್ನುವ ಪಾಲಿಮರ್, 11 ಗ್ರಾಂ ಅಮೋನಿಯಂ ಸಲ್ಫೇಟ್ ಉಪ್ಪು, ಉಳಿದದ್ದು ನೀರು. ಅವರಿಗೆ ಎರಡು ಪದರ ಬಂದಿತ್ತು. ಕಿಣ್ವ ಆ ಪದರಗಳಲ್ಲಿ ಒಂದಕ್ಕೆ ಸೇರಿ ಬೇರೆಯಾಗಬೇಕು. ನಾವು ಜುಲೈಯಲ್ಲಿ, ಮೊದಲು ಬರೀ ನೀರಿನಲ್ಲಿ ಮಾಡಿ ನೋಡಿದೆವು. ಪಾಲಿಮರ್ ಬೇಗ ಕರಗಲಿ ಅಂತ ಬಿಸಿನೀರು ಬಳಸಿದೆವು. ಬೆರೆಸಿದಾಗ ಹಾಲಿನ ಹಾಗೆ ಬೆಳ್ಳಗಾಯಿತು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಒಂದೇ ತಿಳಿ ದ್ರವ. ಕೋಣೆಯಲ್ಲಿ 19 ಡಿಗ್ರಿ ಇತ್ತು. ಪುಡಿ ಕರಗಿರಲಿಲ್ಲ, ಈಗ ಕರಗಿದೆ ಅಂತ ಮಕ್ಕಳು ಹೇಳುತ್ತಾರೆ. ಆಮೇಲೆ ಸಿಪ್ಪೆಯ ರಸ ಹಾಕಿ, ಉಪ್ಪು ಜಾಸ್ತಿ ಮಾಡಿದಾಗ ಪದರ ಬಂತು. ಆದರೆ ಮಧ್ಯೆ ಬಿಳಿ ಕೆನೆ ಕಟ್ಟಿತು. ಎಲ್ಲಿ ತಪ್ಪಿದೆವು? ನೀರಿನಿಂದ ನೀರು ಬೇರೆಯಾಗುವುದು ಹೇಗೆ ಅಂತ ಮಕ್ಕಳು ಕೇಳುತ್ತಾರೆ, ಅದನ್ನು ಹೇಗೆ ವಿವರಿಸಲಿ? ಉಳಿದ ದ್ರವವನ್ನು ಏನು ಮಾಡಲಿ?

ಉತ್ತರ: ಮೇಡಂ, ಬೆಳಿಗ್ಗೆ ತಿಳಿಯಾಗಿದ್ದ ಆ ದ್ರವವನ್ನು ಚೆಲ್ಲಿಲ್ಲ ತಾನೇ? ಇದ್ದರೆ ಒಂದು ಟೆಸ್ಟ್ ಟ್ಯೂಬಿಗೆ ಸ್ವಲ್ಪ ಹಾಕಿ, 40 ಡಿಗ್ರಿಯಷ್ಟು ಬಿಸಿ ಇರುವ ನೀರಿನ ಲೋಟದಲ್ಲಿ ಇಳಿಸಿ. ಕೆಲವೇ ನಿಮಿಷದಲ್ಲಿ ಅದು ಮತ್ತೆ ಬೆಳ್ಳಗಾಗಬೇಕು. ತೆಗೆದು ನಲ್ಲಿ ನೀರಿಗೆ ಹಿಡಿದು ಅಲ್ಲಾಡಿಸಿ. ಮತ್ತೆ ತಿಳಿಯಾಗಬೇಕು. ಹತ್ತು ಸಲ ಮಾಡಿದರೂ ಹಾಗೆಯೇ ಆಗುತ್ತದೆ. ಕರಗದ ಪುಡಿ ಹೀಗೆ ಮಾಡುವುದಿಲ್ಲ. ಪುಡಿಯಾಗಿದ್ದರೆ ಬಿಸಿಯಲ್ಲಿ ಕರಗಬೇಕಿತ್ತು, ಅಲ್ವಾ? ಇಲ್ಲಿ ಬಿಸಿಯಾದಾಗ ಬೇರೆಯಾಗುತ್ತದೆ, ತಣ್ಣಗಾದಾಗ ಒಂದಾಗುತ್ತದೆ.

ಅಂದರೆ ಮೊದಲ ದಿನ ನೀವು ನೋಡಿದ ಆ ಬಿಳುಪೇ ನಿಮ್ಮ ಎರಡು ಪದರ. ಒಂದು ದ್ರವದ ಸಣ್ಣ ಸಣ್ಣ ಹನಿಗಳು ಇನ್ನೊಂದರಲ್ಲಿ ತೇಲುತ್ತಿದ್ದವು. ಅವು ಒಟ್ಟುಗೂಡಿ ಪದರವಾಗುವ ಮೊದಲೇ ಮಿಶ್ರಣ ತಣ್ಣಗಾಯಿತು. ರಾತ್ರಿ ಯಾವುದೋ ಹೊತ್ತಿನಲ್ಲಿ ಎರಡೂ ಸೇರಿ ಒಂದಾದವು. ನಿಮ್ಮ ಕೈಯಿಂದ ತಪ್ಪೇನೂ ಆಗಿಲ್ಲ. ಮಂಗಳೂರಿನ ಏಪ್ರಿಲ್‌ನ ಅಳತೆಯನ್ನು 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯ ಜುಲೈಗೆ ತಂದಿರಿ, ಅಷ್ಟೇ.

ಮಕ್ಕಳ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಎಣ್ಣೆ ಮತ್ತು ನೀರು ಬೇರೆಯಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ನೀರೇ ಇಲ್ಲ. ಇಲ್ಲಿ ಹಾಗಲ್ಲ. ಮೇಲಿನ ಪದರದಲ್ಲೂ ಅರ್ಧಕ್ಕಿಂತ ಜಾಸ್ತಿ ನೀರು, ಕೆಳಗಿನದರಲ್ಲಿ ಇನ್ನೂ ಜಾಸ್ತಿ. ಮೇಲೆ ಪಾಲಿಮರ್ ಹೆಚ್ಚು, ಕೆಳಗೆ ಉಪ್ಪು ಹೆಚ್ಚು. ನೀರು ಒಂದೇ, ಅದನ್ನು ಹಿಡಿದುಕೊಂಡವರು ಬೇರೆ.

ಪಾಲಿಎಥಿಲೀನ್ ಗ್ಲೈಕಾಲನ್ನು ಲ್ಯಾಬಿನಲ್ಲಿ ಎಲ್ಲರೂ ಪೆಗ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಅದು ಉದ್ದನೆಯ ಸರಪಳಿ. ಎರಡೆರಡು ಕಾರ್ಬನ್ ಆದ ಮೇಲೆ ಒಂದು ಆಮ್ಲಜನಕ. ಪ್ರತಿ ಆಮ್ಲಜನಕವೂ ನೀರಿನ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಪೆಗ್ ನೀರಿನಲ್ಲಿ ಕರಗುವುದೇ ಈ ಹಿಡಿತದಿಂದ. ಆದರೆ ಅದು ಸಡಿಲವಾದ ಹಿಡಿತ. ಸಲ್ಫೇಟ್ ಅಯಾನು ಎರಡು ಋಣ ವಿದ್ಯುದಂಶ ಹೊತ್ತಿದೆ, ಅದು ನೀರನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಉಪ್ಪು ಒಂದು ಮಟ್ಟ ದಾಟಿದರೆ ಪೆಗ್‌ಗೆ ನೀರು ಸಾಲದೆ ಬರುತ್ತದೆ. ಆಗ ಪೆಗ್ ಸರಪಳಿಗಳು ತಮ್ಮ ಪಾಲಿನ ನೀರನ್ನು ಇಟ್ಟುಕೊಂಡು ಒಂದು ಕಡೆ ಸೇರುತ್ತವೆ. ಬಿಸಿ ಮಾಡಿದರೆ ಆ ಸಡಿಲ ಹಿಡಿತ ಇನ್ನೂ ಸಡಿಲವಾಗುತ್ತದೆ. ಅದಕ್ಕೇ ಬಿಸಿಯಲ್ಲಿ ಕಡಿಮೆ ಉಪ್ಪಿಗೇ ಬೇರೆಯಾಗುತ್ತದೆ, ಚಳಿಯಲ್ಲಿ ಜಾಸ್ತಿ ಉಪ್ಪು ಬೇಕು.

ಇನ್ನೊಂದು ಕಾರಣವೂ ಇದೆ. ಬುಟ್ಟಿಯಲ್ಲಿ ಬಿಡಿ ಮಲ್ಲಿಗೆ ಮೊಗ್ಗು ಮತ್ತು ಕನಕಾಂಬರ ಹಾಕಿ ಕುಲುಕಿ. ಎರಡೂ ಚೆನ್ನಾಗಿ ಬೆರೆಯುತ್ತವೆ. ಮೊಗ್ಗನ್ನು ಮಾಲೆ ಕಟ್ಟಿ ಹಾಕಿದರೆ? ಒಂದು ಮೊಗ್ಗು ಹೋದ ಕಡೆ ಉಳಿದದ್ದೂ ಹೋಗಬೇಕು. ಬೆರೆಯುವ ದಾರಿಗಳೇ ಕಡಿಮೆ. 4000 ಅನ್ನುವುದು ಸರಪಳಿಯ ಸರಾಸರಿ ಅಣುತೂಕ. ಪೆಗ್ 4000ದ ಒಂದು ಸರಪಳಿಯಲ್ಲಿ ಸುಮಾರು 90 ಕೊಂಡಿಗಳಿವೆ. 90 ಮೊಗ್ಗಿನ ಮಾಲೆ. ಹಾಗಾಗಿ ಬೆರೆತಿರಬೇಕು ಅನ್ನುವ ಒತ್ತಡ ಕಮ್ಮಿ, ಬೇರೆಯಾಗುವುದು ಸುಲಭ. ಮಾಲೆ ಉದ್ದವಾದಷ್ಟೂ ಸುಲಭ. ಪೆಗ್ 6000 ಬಳಸಿದ್ದರೆ ಬಹುಶಃ ನಿಮ್ಮ ಅದೇ ಅಳತೆಗೆ ಮಡಿಕೇರಿಯಲ್ಲೂ ಪದರ ಬರುತ್ತಿತ್ತು.

ಎಲ್ಲ ಉಪ್ಪೂ ಈ ಕೆಲಸ ಮಾಡುವುದಿಲ್ಲ. ಅಡುಗೆ ಉಪ್ಪು ಕೋಣೆಯ ಬಿಸಿಯಲ್ಲಿ ಮಾಡುವುದೇ ಇಲ್ಲ ಅನ್ನಬಹುದು. ಸಲ್ಫೇಟ್, ಫಾಸ್ಫೇಟ್, ಸಿಟ್ರೇಟ್, ಕಾರ್ಬೊನೇಟ್ ಮಾಡುತ್ತವೆ. 1888ರಲ್ಲಿ ಪ್ರಾಗ್‌ನಲ್ಲಿ ಫ್ರಾಂಜ್ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನು ಯಾವ ಉಪ್ಪು ಎಷ್ಟು ಹಾಕಿದರೆ ಹೊರದಬ್ಬುತ್ತದೆ ಅಂತ ನೋಡಿ ಒಂದು ಸಾಲು ಮಾಡಿದ್ದರು. ಪೆಗ್ ವಿಷಯದಲ್ಲೂ ಹೆಚ್ಚುಕಮ್ಮಿ ಅದೇ ಸಾಲು ನಡೆಯುತ್ತದೆ. ನೀರಿನಲ್ಲೇ ಎರಡು ಪದರ ಬರುವುದನ್ನು 1896ರಲ್ಲೇ ಡಚ್ ವಿಜ್ಞಾನಿ ಬೈಜರಿಂಕ್ ಜೆಲಾಟಿನ್ ಮತ್ತು ಅಗರ್ ಬೆರೆಸಿ ಗಮನಿಸಿದ್ದರು. ಜೀವಕೋಶದ ಭಾಗಗಳನ್ನು, ಪ್ರೋಟೀನನ್ನು ಬೇರ್ಪಡಿಸಲು ಇದನ್ನು ಬಳಸಬಹುದು ಅಂತ ತೋರಿಸಿದವರು 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಓಕೆ ಆಲ್ಬರ್ಟ್ಸನ್. ಪ್ರೋಟೀನಿಗೆ ಪೆಟ್ರೋಲಿಯಂ ದ್ರಾವಕ ತಾಗಿದರೆ ಕೆಡುತ್ತದೆ. ಇಲ್ಲಿ ಎರಡೂ ಕಡೆ ನೀರೇ ಇರುವುದರಿಂದ ಅದು ಕೆಡದೆ ಉಳಿಯುತ್ತದೆ.

ಈಗ ನಿಮ್ಮ ಅಳತೆಗೆ ಬರೋಣ. ಈ ಕೆಲಸದಲ್ಲಿ 12 ಮತ್ತು 11 ಅನ್ನುವ ಅಂಕಿಗಳಿಗೆ ಒಂಟಿಯಾಗಿ ಬೆಲೆ ಇಲ್ಲ. ಅವು ಒಂದು ನಕ್ಷೆಯ ಮೇಲಿನ ಒಂದು ಚುಕ್ಕಿ. ನಿಮ್ಮ ಗೆಳತಿ ಚುಕ್ಕಿ ಕೊಟ್ಟರು, ನಕ್ಷೆ ಕೊಡಲಿಲ್ಲ.

ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಉಪ್ಪಿನ ಶೇಕಡಾವಾರು, ಉದ್ದಕ್ಕೆ ಪೆಗ್‌ನ ಶೇಕಡಾವಾರು. ಅದರ ಮೇಲೆ ಎಡ ಮೇಲಿನಿಂದ ಬಲ ಕೆಳಕ್ಕೆ ಬಾಗಿ ಇಳಿಯುವ ಒಂದು ಗೆರೆ ಇದೆ. ಇದನ್ನು ಬೈನೋಡಲ್ ಅಂತಾರೆ. ಗೆರೆಯ ಕೆಳಗೆ ಒಂದೇ ದ್ರವ, ಮೇಲೆ ಎರಡು ಪದರ. ಪೆಗ್ 4000 ಮತ್ತು ಅಮೋನಿಯಂ ಸಲ್ಫೇಟಿಗೆ 12, 11 ಅನ್ನುವ ಚುಕ್ಕಿ ಆ ಗೆರೆಯ ತೀರ ಹತ್ತಿರ ಬರುತ್ತದೆ. ಬಿಸಿ ಹೆಚ್ಚಿದರೆ ಗೆರೆ ಸೊನ್ನೆಯ ಮೂಲೆಯ ಕಡೆ ಸರಿಯುತ್ತದೆ, ಚುಕ್ಕಿ ಗೆರೆಯ ಮೇಲಾಗುತ್ತದೆ. ಚಳಿಯಾದರೆ ಗೆರೆ ಆಚೆ ಸರಿದು ಚುಕ್ಕಿಯನ್ನು ನುಂಗುತ್ತದೆ. ಗೆರೆ ಸರಿಯುವುದು ಸ್ವಲ್ಪವೇ. ಗಡಿಯಲ್ಲಿ ನಿಂತವರಿಗೆ ಅಷ್ಟು ಸಾಕು.

ಗೆರೆಯ ಮೇಲಿನ ಜಾಗದಲ್ಲಿ ಇನ್ನೂ ಕೆಲವು ಓರೆ ಗೆರೆಗಳಿವೆ, ಟೈ ಲೈನ್ ಅಂತ. ಪ್ರತಿ ಟೈ ಲೈನಿನ ಎರಡು ತುದಿಯೂ ಬೈನೋಡಲ್ ಮೇಲೆ ಕೂತಿರುತ್ತದೆ. ನಿಮ್ಮ ಚುಕ್ಕಿ ಯಾವ ಟೈ ಲೈನಿನ ಮೇಲೆ ಬಿದ್ದರೂ ಮಿಶ್ರಣ ಅದರ ಎರಡು ತುದಿಗಳಾಗಿ ಒಡೆಯುತ್ತದೆ. ಎಡ ತುದಿ ಮೇಲಿನ ಪದರ, ಬಲ ತುದಿ ಕೆಳಗಿನದು. ಯಾವುದು ಎಷ್ಟು ಅನ್ನುವುದಕ್ಕೆ ತಕ್ಕಡಿಯ ಲೆಕ್ಕ. ಮೇಲಿನ ಪದರದಲ್ಲಿ ಪೆಗ್ 28%, ಕೆಳಗೆ 2% ಅಂತ ಇಟ್ಟುಕೊಳ್ಳಿ, ನಿಮ್ಮ ಒಟ್ಟು ಮಿಶ್ರಣದಲ್ಲಿ 12%. ಆಗ ಮೇಲಿನ ಪದರದ ತೂಕ 12ರಲ್ಲಿ 2 ಕಳೆದು, ಅದನ್ನು 28ರಲ್ಲಿ 2 ಕಳೆದದ್ದರಿಂದ ಭಾಗಿಸಿದಷ್ಟು. ಅಂದರೆ 10 ಭಾಗಿಸು 26, ಸುಮಾರು 38%. ಇದು ಬರೀ ಉದಾಹರಣೆಯ ಅಂಕಿ. ಆದರೆ ಮಕ್ಕಳಿಂದ ಈ ಲೆಕ್ಕ ಮಾಡಿಸಿ. ಒಂದೇ ಟೈ ಲೈನಿನ ಮೇಲೆ ಚುಕ್ಕಿಯನ್ನು ಸರಿಸಿದರೆ ಪದರಗಳ ಅಂಶ ಬದಲಾಗುವುದಿಲ್ಲ, ಪ್ರಮಾಣ ಮಾತ್ರ ಬದಲಾಗುತ್ತದೆ ಅಂತ ಅವರಿಗೇ ಹೊಳೆಯುತ್ತದೆ. ಕಿಣ್ವವನ್ನು ಸಣ್ಣ ಪದರದೊಳಗೆ ಗಟ್ಟಿಯಾಗಿ ಕೂಡಿಸುವ ಉಪಾಯ ಇರುವುದು ಇಲ್ಲೇ.

ಗಡಿಯಿಂದ ದೂರ ಹೋದಷ್ಟೂ ಟೈ ಲೈನ್ ಉದ್ದವಾಗುತ್ತದೆ. ಎರಡು ಪದರಗಳ ನಡುವಿನ ವ್ಯತ್ಯಾಸ ಜಾಸ್ತಿಯಾಗುತ್ತದೆ, ಬೇಗ ಬೇರೆಯಾಗುತ್ತವೆ. ಗಡಿಯ ಹತ್ತಿರ ಎರಡೂ ಒಂದೇ ಥರ ಇರುತ್ತವೆ, ಬೇರೆಯಾಗಲು ಸೋಮಾರಿತನ ಮಾಡುತ್ತವೆ. ಅಳತೆಯ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಆ ಸಣ್ಣ ತಪ್ಪು ನಿಮ್ಮಲ್ಲಿ ಇದ್ದೇ ಇದೆ ಅಂತ ನನ್ನ ಅನುಮಾನ. ಕಾರಣ ಮಳೆಗಾಲ. ಅಮೋನಿಯಂ ಸಲ್ಫೇಟ್ ಗಾಳಿಯ ತೇವ ಸುಮಾರು 80% ದಾಟಿದರೆ ನೀರು ಹೀರಿ ತಾನೇ ಕರಗಲು ಶುರುಮಾಡುತ್ತದೆ. ಕೊಡಗಿನ ಜುಲೈಯಲ್ಲಿ ಗಾಳಿ ಅದಕ್ಕಿಂತ ಕೆಳಗೆ ಇಳಿಯುವ ದಿನ ಎಷ್ಟು? ಬಾಯಿ ಬಿಚ್ಚಿದ ಗೊಬ್ಬರದ ಚೀಲ ಈ ಕಾಲದಲ್ಲಿ ಹೇಗೆ ಕಲ್ಲುಗಟ್ಟುತ್ತದೆ ಅಂತ ತೋಟದ ಮನೆಯ ಮಕ್ಕಳಿಗೆ ಗೊತ್ತು. ಪೆಗ್ ಚಕ್ಕೆಗಳೂ ತೇವ ಹಿಡಿದು ಒಂದಕ್ಕೊಂದು ಅಂಟುತ್ತವೆ. ಉಪ್ಪಿನಲ್ಲಿ 5% ತೇವ ಇದ್ದರೆ ನೀವು ತೂಗಿದ 11 ಗ್ರಾಂನಲ್ಲಿ ನಿಜವಾದ ಉಪ್ಪು 10.45 ಗ್ರಾಂ. ಚಳಿ ಗೆರೆಯನ್ನು ಆಚೆ ತಳ್ಳಿತು, ತೇವ ಚುಕ್ಕಿಯನ್ನು ಈಚೆ ಎಳೆಯಿತು. ತೇವ ನೋಡದೆ ಕಾಫಿಯ ತೂಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇಲ್ಲೂ ಅದೇ ಎಚ್ಚರ ಬೇಕು. ಉಪ್ಪನ್ನು 100 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಒಣಗಿಸಿ, ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿ ತಣಿಸಿ ತೂಗಿ. ಪೆಗ್ ಅನ್ನು ಮಾತ್ರ ಓವನ್ನಿಗೆ ಇಡಬೇಡಿ, 60 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋಗುತ್ತದೆ.

ನಾನೂ ಸಂಶೋಧನೆಯ ಮೊದಲ ವರ್ಷ ತೂಕದಲ್ಲೇ ಎಡವಿ ಮೂರು ವಾರ ಕಳೆದುಕೊಂಡಿದ್ದೆ. ಆಗ ಬಳಸುತ್ತಿದ್ದದ್ದು ಸೋಡಿಯಂ ಸಲ್ಫೇಟ್. ಬಾಟಲಿಯಲ್ಲಿದ್ದದ್ದು ಹತ್ತು ನೀರಿನ ಅಣು ಕಟ್ಟಿಕೊಂಡ ಹರಳು, ನಾನು ಲೆಕ್ಕ ಹಾಕಿದ್ದು ಒಣ ಉಪ್ಪಿಗೆ. ಆ ಹರಳಿನ 100 ಗ್ರಾಂನಲ್ಲಿ ಉಪ್ಪು ಬರೀ 44 ಗ್ರಾಂ. ಲೇಬಲ್ ಓದುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ. ನಿಮ್ಮ ಕಾಲೇಜಿನಲ್ಲಿ ಸೋಡಿಯಂ ಸಲ್ಫೇಟ್ ಇದ್ದರೂ ಈ ಪ್ರಾಜೆಕ್ಟಿಗೆ ಬೇಡ ಅಂತೀನಿ. 30 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 40 ಗ್ರಾಂ ಕರಗುವ ಅದು 20 ಡಿಗ್ರಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಚಳಿಗೆ ತಳದಲ್ಲಿ ಹರಳು ಕಟ್ಟುತ್ತದೆ, ಮಕ್ಕಳು ಅದನ್ನೇ ಪದರ ಅಂದುಕೊಳ್ಳುತ್ತಾರೆ. ಅಮೋನಿಯಂ ಸಲ್ಫೇಟಿಗೆ ಆ ತೊಂದರೆ ಇಲ್ಲ.

ಹಾಗಾದರೆ ನಿಮ್ಮದೇ ನಕ್ಷೆ ಬರೆಯಿರಿ. ಕಷ್ಟವಿಲ್ಲ, 0.01 ಗ್ರಾಂ ತೋರಿಸುವ ತಕ್ಕಡಿ ಮತ್ತು ಒಂದು ಥರ್ಮಾಮೀಟರ್ ಸಾಕು. ತೂಕದ ಲೆಕ್ಕದಲ್ಲಿ 50% ಪೆಗ್ ದ್ರಾವಣ, 40% ಅಮೋನಿಯಂ ಸಲ್ಫೇಟ್ ದ್ರಾವಣ ಮಾಡಿಡಿ. ಒಂದು ಕೋನಿಕಲ್ ಫ್ಲಾಸ್ಕಿಗೆ 5 ಗ್ರಾಂ ಪೆಗ್ ದ್ರಾವಣ ಹಾಕಿ, 20 ಡಿಗ್ರಿಯ ನೀರಿನ ಟಬ್ಬಿನಲ್ಲಿ ನಿಲ್ಲಿಸಿ. ಉಪ್ಪಿನ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಅಲ್ಲಾಡಿಸಿ. ಪ್ರತಿ ಹನಿಗೂ ಒಂದು ಕ್ಷಣ ಮಬ್ಬು ಬಂದು ಹೋಗುತ್ತದೆ. ಯಾವ ಹನಿಗೆ ಮಬ್ಬು ಹೋಗದೆ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ. ಫ್ಲಾಸ್ಕಿನ ಹೊರಮೈ ಒರೆಸಿ ತೂಗಿ. ಎಷ್ಟು ಪೆಗ್, ಎಷ್ಟು ಉಪ್ಪು, ಒಟ್ಟು ಎಷ್ಟು ಅಂತ ಲೆಕ್ಕ ಹಾಕಿದರೆ ಗೆರೆಯ ಮೇಲಿನ ಒಂದು ಚುಕ್ಕಿ ಸಿಕ್ಕಿತು. ಆಮೇಲೆ ತಿಳಿಯಾಗುವವರೆಗೆ ನೀರಿನ ಹನಿ ಹಾಕಿ, ಮತ್ತೆ ತೂಗಿ, ಮತ್ತೆ ಉಪ್ಪು. ಹೀಗೆ ಒಂದೇ ಫ್ಲಾಸ್ಕಿನಲ್ಲಿ ಹತ್ತು ಹನ್ನೆರಡು ಚುಕ್ಕಿ ಸಿಗುತ್ತವೆ. ಇಡೀ ಕೆಲಸವನ್ನು 30 ಡಿಗ್ರಿಯ ಟಬ್ಬಿನಲ್ಲಿ ಇನ್ನೊಂದು ಸಲ ಮಾಡಿಸಿ. ಎರಡು ಗೆರೆಯನ್ನೂ ಒಂದೇ ಹಾಳೆಯಲ್ಲಿ ಎಳೆದಾಗ ಮಂಗಳೂರು ಮತ್ತು ಮಡಿಕೇರಿ ಪಕ್ಕಪಕ್ಕ ಕಾಣುತ್ತವೆ. ಕಿಣ್ವ ಸಿಗಲಿ ಬಿಡಲಿ, ನನ್ನ ಮಟ್ಟಿಗೆ ಆ ಹಾಳೆಯೇ ಒಂದು ಒಳ್ಳೆಯ ಪ್ರಾಜೆಕ್ಟ್.

ಆ ಗೆರೆ ಕೈಗೆ ಬಂದ ಮೇಲೆ ಗಡಿಯಿಂದ ಸ್ವಲ್ಪ ಒಳಗೆ ಚುಕ್ಕಿ ಆರಿಸಿ. ಪೆಗ್ 12% ಹಾಗೇ ಇರಲಿ, ಉಪ್ಪನ್ನು 14ರಿಂದ 15% ಮಾಡಿ. ಪೆಗ್ ಜಾಸ್ತಿ ಮಾಡುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಅದು ಅಂಟಂಟು, ಚಳಿಯಲ್ಲಿ ಇನ್ನೂ ಅಂಟು, ಹನಿಗಳು ಮೇಲೇರಲು ಒದ್ದಾಡುತ್ತವೆ. ಎರಡು ಪದರಗಳ ಸಾಂದ್ರತೆಯಲ್ಲಿ ವ್ಯತ್ಯಾಸವೂ ತೀರ ಕಮ್ಮಿ. ಸೆಂಟ್ರಿಫ್ಯೂಜ್ ಇದ್ದರೆ ನಿಮಿಷಕ್ಕೆ 2,000 ಸುತ್ತಿನ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ. ಇಲ್ಲದಿದ್ದರೆ ಸೆಪರೇಟಿಂಗ್ ಫನಲ್‌ನಲ್ಲಿ ರಾತ್ರಿಯಿಡೀ ಬಿಡಿ. ಈ ಸಲ ಬೆಳಿಗ್ಗೆ ಪದರ ಹಾಗೇ ಇರುತ್ತದೆ. ಬೆರೆಸುವಾಗ ಜೋರಾಗಿ ಕುಲುಕುವ ಅಗತ್ಯವಿಲ್ಲ, ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು.

ಮಧ್ಯದ ಬಿಳಿ ಕೆನೆಯ ವಿಷಯ. ಅದರಲ್ಲಿ ಎರಡು ವಸ್ತು ಇರಬಹುದು. ಒಂದು, ಸಿಪ್ಪೆಯ ನಾರು ಮತ್ತು ಪೆಕ್ಟಿನ್. ರಸವನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್ ಕಾಗದದಲ್ಲಿ ಸೋಸಿ ತಣ್ಣಗಿಟ್ಟರೆ ಇದು ಬಹಳ ಕಮ್ಮಿಯಾಗುತ್ತದೆ. ಇನ್ನೊಂದು, ಪ್ರೋಟೀನೇ. ಉಪ್ಪು ಜಾಸ್ತಿಯಾದರೆ ಕೆಳಗಿನ ಪದರ ಪ್ರೋಟೀನನ್ನು ಹೊರದಬ್ಬುತ್ತದೆ. ಪೆಗ್ ಜಾಸ್ತಿಯಾದರೆ ಮೇಲಿನದೂ ಜಾಗ ಕೊಡುವುದಿಲ್ಲ. ಎರಡೂ ಕಡೆ ಬೇಡವಾದ ಪ್ರೋಟೀನ್ ನಡುವೆ ಕೂರುತ್ತದೆ. ನೀವು ಗಾಬರಿಯಲ್ಲಿ ಉಪ್ಪು ಸುರಿದಿರಿ ಅನಿಸುತ್ತದೆ. ಗಡಿಗೆ ತೀರ ಹತ್ತಿರವೂ ಬೇಡ, ತೀರ ದೂರವೂ ಬೇಡ ಅನ್ನುವುದು ಇದಕ್ಕೇ. ಕೆನೆಯನ್ನು ಬೇರೆ ತೆಗೆದು, ಪಿಎಚ್ 7ರ ಬಫರಿನಲ್ಲಿ ಕರಗಿಸಿ, ಅದರಲ್ಲೂ ಕಿಣ್ವ ಇದೆಯಾ ಅಂತ ನೋಡಿ.

ನೋಡುವುದು ಹೇಗೆ? ಒಂದು ತಟ್ಟೆಯಲ್ಲಿ ಜೆಲಾಟಿನ್ ಗಟ್ಟಿ ಮಾಡಿ. ಮೇಲಿನ ಪದರದ ಒಂದು ಹನಿ, ಕೆಳಗಿನದ ಒಂದು ಹನಿ, ಕೆನೆಯದ ಒಂದು ಹನಿ ಬೇರೆ ಬೇರೆ ಕಡೆ ಇಡಿ. ಬ್ರೊಮೆಲೈನ್ ಇದ್ದ ಕಡೆ ಹೊಂಡ ಬೀಳುತ್ತದೆ. ರಸ ಹಾಕದೆ ಮಾಡಿದ ಪದರಗಳ ಹನಿಯನ್ನೂ ಪಕ್ಕದಲ್ಲಿ ಇಡಲೇಬೇಕು, ಉಪ್ಪೊಂದೇ ಏನಾದರೂ ಮಾಡಿದೆಯಾ ಅಂತ ತಿಳಿಯಲು. ಪ್ರೋಟೀನ್ ಅಳೆಯಲು ಬೈಯುರೆಟ್ ಅಥವಾ ಲೌರಿ ವಿಧಾನ ಬೇಡ, ಅಮೋನಿಯಂ ಅಡ್ಡ ಬರುತ್ತದೆ. ಬ್ರಾಡ್‌ಫೋರ್ಡ್ ವಿಧಾನ ಬಳಸಿ. ಹಾಗೇ ಪಿಎಚ್ 8ರ ಮೇಲೆ ಹೋಗಬೇಡಿ, ಅಮೋನಿಯಾ ವಾಸನೆ ಲ್ಯಾಬಿಡೀ ತುಂಬುತ್ತದೆ.

ಕಿಣ್ವ ಯಾವ ಪದರಕ್ಕೆ ಹೋಗಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಸಂಶೋಧಕರು ಪೆಗ್ ಮತ್ತು ಪೊಟ್ಯಾಸಿಯಂ ಫಾಸ್ಫೇಟ್ ಬಳಸಿ ಇದೇ ಕೆಲಸ ಮಾಡಿದ್ದಾರೆ. ಬ್ರೊಮೆಲೈನ್ ಮೇಲಿನ ಪೆಗ್ ಪದರಕ್ಕೆ ಹೋಯಿತು. ಹಣ್ಣನ್ನು ಕಪ್ಪಾಗಿಸುವ ಪಾಲಿಫಿನಾಲ್ ಆಕ್ಸಿಡೇಸ್ ಕೆಳಗಿನ ಉಪ್ಪಿನ ಪದರಕ್ಕೆ ಇಳಿಯಿತು. ಬೀಟ್‌ರೂಟಿನ ಕೆಂಪು ಬಣ್ಣದ ಮೇಲೂ ಅಲ್ಲಿ ಕೆಲಸ ಆಗಿದೆ. ಬಣ್ಣ ಹೆಚ್ಚಾಗಿ ಮೇಲಕ್ಕೆ, ಸಕ್ಕರೆ ಹೆಚ್ಚಾಗಿ ಕೆಳಕ್ಕೆ. ಮೊದಲ ದಿನ ಮಕ್ಕಳಿಗೆ ತೋರಿಸಲು ಬೀಟ್‌ರೂಟ್ ರಸವೇ ಚೆನ್ನ, ಕಣ್ಣಿಗೇ ಕಾಣುತ್ತದೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡ ಇನ್ನೇನು ಬಂತು. ಹದಿನೆಂಟನೇ ದಿನ ಮನೆಮನೆಯಲ್ಲಿ ಮದ್ದುಸೊಪ್ಪು ಬೇಯಿಸಿದ ನೇರಳೆ ನೀರು ಇರುತ್ತದೆ. ಒಂದು ಚಮಚ ಎತ್ತಿಟ್ಟು ಅದನ್ನೂ ಹಾಕಿ ನೋಡಲು ಮಕ್ಕಳಿಗೆ ಹೇಳಿ.

ಕೊನೆಯದಾಗಿ, ಉಳಿದ ದ್ರವ. ಇದನ್ನು ನೀವು ಕೇಳಿದ್ದಕ್ಕೆ ನನಗೆ ನಿಜವಾಗಿ ಖುಷಿಯಾಯಿತು. ಲ್ಯಾಬಿನ ಸಿಂಕಿನಿಂದ ಚರಂಡಿ, ಚರಂಡಿಯಿಂದ ತೋಡು, ತೋಡಿನಿಂದ ಹೊಳೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕೂತು ಆ ದಾರಿ ಹಿಡಿಯಬಾರದು. ಅಮೋನಿಯಂ ನೀರಿಗೆ ಸೇರಿದರೆ ಮೀನಿಗೆ ಕೆಡುಕು. ಕೆಳಗಿನ ಉಪ್ಪಿನ ಪದರವನ್ನು ಚೆಲ್ಲದೆ ಒಂದು ಬಾಟಲಿಯಲ್ಲಿ ಕೂಡಿಸಿ. ಮುಂದಿನ ಮಿಶ್ರಣಕ್ಕೆ ಹೊಸ ಉಪ್ಪಿನ ಬದಲು ಅದನ್ನೇ ಬಳಸಬಹುದು, ಕಮ್ಮಿ ಬಿದ್ದಷ್ಟು ಉಪ್ಪು ಸೇರಿಸಿದರೆ ಸಾಕು. ಎಷ್ಟು ಸೇರಿಸಬೇಕು ಅಂತ ನಿಮ್ಮ ನಕ್ಷೆಯೇ ಹೇಳುತ್ತದೆ. ಅದು ಗೊಬ್ಬರವೇ ತಾನೇ, ಕಾಫಿ ಗಿಡದ ಬುಡಕ್ಕೆ ಸುರಿಯೋಣ ಅಂತ ಯಾರಾದರೂ ಹೇಳಿಯಾರು. ಅಮೋನಿಯಂ ಸಲ್ಫೇಟಿನಲ್ಲಿ 21% ಸಾರಜನಕ ಇರುವುದು ನಿಜ. ಆದರೆ ಅದು ಮಣ್ಣನ್ನು ಹುಳಿ ಮಾಡುತ್ತದೆ, ಕೊಡಗಿನ ಮಣ್ಣು ಮೊದಲೇ ಹುಳಿ, ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಕೊನೆಗೆ ಉಳಿಯುವ 200, 300 ಮಿಲಿಯನ್ನು ಹತ್ತು ಬಕೆಟ್ ನೀರಿಗೆ ಬೆರೆಸಿ ಹುಲ್ಲು ಬೆಳೆದ ಜಾಗಕ್ಕೆ, ಮಳೆ ಬಿಟ್ಟ ದಿನ, ತೋಡಿನಿಂದ ದೂರ ಹಾಕಿ. ಮುಂದಿನ ವರ್ಷ ಉಪ್ಪನ್ನೇ ಬದಲಿಸುವ ಮನಸ್ಸಿದ್ದರೆ ಪೊಟ್ಯಾಸಿಯಂ ಸಿಟ್ರೇಟ್ ತರಿಸಿ. ಪದರ ಬರುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರೇಟನ್ನು ತಿಂದು ಮುಗಿಸುತ್ತವೆ. ಗೆರೆ ಮಾತ್ರ ಬೇರೆ ಜಾಗದಲ್ಲಿರುತ್ತದೆ. ಆ ನಕ್ಷೆಯನ್ನು ಮುಂದಿನ ವರ್ಷದ ಮಕ್ಕಳು ಬರೆಯಲಿ.